ಮೂರು ತಿಂಗಳೋ, ಆರು ತಿಂಗಳೋ

ದೊಡ್ಡ ಕರುಳಿನ ಗಡ್ಡೆ ತೆಗೆದ ಮೇಲೆ ಬಂದ ಬಯಾಪ್ಸಿ ವರದಿಯಲ್ಲಿ ನನಗೆ ಅರ್ಥವಾದದ್ದು ಒಂದೇ ಸಾಲು: ಪರೀಕ್ಷಿಸಿದ ಹದಿನೆಂಟು ದುಗ್ಧಗ್ರಂಥಿಗಳಲ್ಲಿ (ಲಿಂಫ್ ನೋಡ್) ಎರಡಕ್ಕೆ ಕ್ಯಾನ್ಸರ್ ತಗುಲಿದೆ. ಗಡ್ಡೆ ಪೂರ್ತಿ ಹೋಗಿತ್ತು, ಕತ್ತರಿಸಿದ ಅಂಚುಗಳು ಚೊಕ್ಕಟವಾಗಿದ್ದವು, ಯಕೃತ್ತಿನಲ್ಲಾಗಲಿ ಶ್ವಾಸಕೋಶದಲ್ಲಾಗಲಿ ಏನೂ ಕಂಡಿರಲಿಲ್ಲ. ಆದರೂ ಆ ಎರಡು ಗ್ರಂಥಿಗಳ ದೆಸೆಯಿಂದ ನನ್ನದು ಮೂರನೆಯ ಹಂತವಾಯಿತು. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರು ಹೊಲಿಗೆ ಬಿಚ್ಚುತ್ತಲೇ, "ಗಾಯ ಮಾಗಿದ ಮೇಲೆ ಕೀಮೋಗೆ ಹೋಗಿ, ತಡ ಮಾಡಬೇಡಿ, ಎರಡು ತಿಂಗಳು ದಾಟುವುದು ಬೇಡ" ಎಂದು ಚೀಟಿ ಬರೆದುಕೊಟ್ಟರು.

ನಾನು ಸಾಗರದಲ್ಲಿ ಮನೆಯಲ್ಲಿಯೇ ಬ್ಲೌಸ್ ಹೊಲಿಯುವವಳು, ಸೀರೆಗೆ ಕುಚ್ಚು ಕಟ್ಟುವವಳು. ವಯಸ್ಸು ಐವತ್ತಮೂರು. ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಕೀಮೋ ಎಂದ ತಕ್ಷಣ ಎಲ್ಲರೂ ತಲೆಗೂದಲಿನ ಬಗ್ಗೆ ಮಾತನಾಡುತ್ತಾರೆ. ನನ್ನ ವಿಷಯದಲ್ಲಿ ಕೊನೆಗೆ ದೊಡ್ಡದಾದದ್ದು ಬೆರಳುಗಳ ಪ್ರಶ್ನೆ.

ವರದಿ ಬಂದ ವಾರ ಮನೆಗೆ ಬಂದವರಲ್ಲಿ ಅಭಿಪ್ರಾಯ ಇಲ್ಲದವರು ಒಬ್ಬರೂ ಇರಲಿಲ್ಲ. ಬಾವನವರದು ಒಂದೇ ಮಾತು: "ಎಷ್ಟು ಕೊಡುತ್ತಾರೋ ಅಷ್ಟನ್ನೂ ತೆಗೆದುಕೊಂಡುಬಿಡು, ಅರೆಬರೆ ಮಾಡಬೇಡ." ತಮ್ಮನ ಮಗ ಮೊಬೈಲಿನಲ್ಲಿ ಓದಿಕೊಂಡು ಬಂದಿದ್ದ. "ಅತ್ತೆ, ಇದು ಯುದ್ಧದಲ್ಲಿ ಬಳಸಿದ ವಿಷಾನಿಲದಿಂದ ಹುಟ್ಟಿದ್ದು, ಗೊತ್ತೇ?" ಎಂದ. ಅವನು ಹೇಳಿದ್ದು ಸುಳ್ಳಲ್ಲ. ಸಾಸಿವೆ ಅನಿಲದ ಜಾತಿಯ ನೈಟ್ರೋಜನ್ ಮಸ್ಟರ್ಡನ್ನು 1942ರಲ್ಲಿ ಅಮೆರಿಕದ ಯೇಲ್‌ನಲ್ಲಿ ದುಗ್ಧಗ್ರಂಥಿಯ ಕ್ಯಾನ್ಸರಿಗೆ ಕೊಟ್ಟು ನೋಡಿದ್ದು ಕೀಮೋ ಚರಿತ್ರೆಯ ಮೊದಲ ಅಧ್ಯಾಯ. ಆದರೆ ಎರಡನೆಯ ಅಧ್ಯಾಯವೂ ಇದೆ. 1948ರಲ್ಲಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರಿನ ಮಕ್ಕಳು ಕೆಲ ಕಾಲ ಚೇತರಿಸಿಕೊಂಡದ್ದನ್ನು ವರದಿ ಮಾಡಿದರು. ಅದಕ್ಕೆ ಬಳಸಿದ ಅಮಿನಾಪ್ಟೆರಿನ್ ತಯಾರಾದದ್ದು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಮುನ್ನಡೆಸುತ್ತಿದ್ದ ಪ್ರಯೋಗಾಲಯದಲ್ಲಿ. ವಿಷಾನಿಲದ ಕಥೆ ಊರೆಲ್ಲ ಸುತ್ತಿದೆ, ಸುಬ್ಬರಾಯರ ಕಥೆಯನ್ನು ಯಾರೂ ಹೇಳುವುದಿಲ್ಲ.

ನಮ್ಮ ಸೀಮೆಯಲ್ಲಿ ಇನ್ನೊಂದು ದಾರಿಯೂ ಇದೆ. ಆನಂದಪುರದ ಹತ್ತಿರದ ನರಸೀಪುರದಲ್ಲಿ ಮರದ ಚಕ್ಕೆಯ ನಾಟಿ ಔಷಧಕ್ಕೆ ಗುರುವಾರ, ಭಾನುವಾರ ದೇಶದ ಎಲ್ಲೆಲ್ಲಿಂದಲೋ ಜನ ಬಂದು ರಾತ್ರಿಯೇ ಸಾಲು ನಿಲ್ಲುತ್ತಿದ್ದುದನ್ನು ಬಾಲ್ಯದ ಗೆಳತಿಯ ಮನೆಗೆ ಹೋದಾಗಲೆಲ್ಲ ನೋಡಿದ್ದೇನೆ. ಆ ಸಾಲಿನಲ್ಲಿ ನಿಂತವರನ್ನು ನಾನು ಹೀಗಳೆಯಲಾರೆ. ಆಸ್ಪತ್ರೆಯವರು ಕೈಚೆಲ್ಲಿದ ಮೇಲೆ ಬಂದವರೇ ಅಲ್ಲಿ ಬಹಳ. ಆದರೆ ನನ್ನದು ಕೈಚೆಲ್ಲಿದ ಕೇಸು ಆಗಿರಲಿಲ್ಲ. ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಬಹುದೇ ಎಂದು ಆಮೇಲೆ ಕೀಮೋ ವೈದ್ಯೆಯನ್ನು ಕೇಳಿದೆ. ಅವರು ಸಿಡುಕಲಿಲ್ಲ. "ಕಷಾಯದಲ್ಲಿ ಏನಿದೆ ಎಂದು ನನಗೆ ತಿಳಿಯದು. ನಿಮ್ಮ ಯಕೃತ್ತಿನ ಪರೀಕ್ಷೆಯಲ್ಲಿ ಏರುಪೇರಾದರೆ ನನ್ನ ಔಷಧದಿಂದಲೋ ಅದರಿಂದಲೋ ಎಂದು ಗೊತ್ತಾಗದೆ ನನ್ನದನ್ನೇ ನಿಲ್ಲಿಸಬೇಕಾಗುತ್ತದೆ" ಎಂದರು. ಅಷ್ಟು ಸಾಕಾಯಿತು.

ಶಿವಮೊಗ್ಗದ ಆ ವೈದ್ಯೆಗೆ ನನ್ನ ಮಗಳಿಗಿಂತ ನಾಲ್ಕೈದು ವರ್ಷ ಹೆಚ್ಚಿರಬಹುದು. ನಾನು ಮೊದಲು ಕೇಳಿದ್ದು, "ಮಾಡಿಸದಿದ್ದರೆ ಏನಾಗುತ್ತದೆ ಮೇಡಂ?" ಈ ಪ್ರಶ್ನೆ ಕೇಳಲು ಇವರಿಗೆ, ಎಂದರೆ ನಮ್ಮ ಯಜಮಾನರಿಗೆ, ಇಷ್ಟವಿರಲಿಲ್ಲ. ವೈದ್ಯರಿಗೆ ಬೇಸರವಾದೀತು ಎಂಬ ಅಂಜಿಕೆ. ಅವರು ಬೇಸರಪಡುವ ಬದಲು ಒಂದು ಹಾಳೆ ತೆಗೆದುಕೊಂಡು ಬರೆಯತೊಡಗಿದರು.

"ನೋಡಿ ಅಮ್ಮ, ಮೂರನೆಯ ಹಂತದ ನೂರು ಜನ ಇದ್ದಾರೆ ಎಂದುಕೊಳ್ಳಿ. ಆಪರೇಷನ್ ಒಂದರಿಂದಲೇ ಸುಮಾರು ಅರ್ಧದಷ್ಟು ಜನಕ್ಕೆ ಕಾಯಿಲೆ ಮರಳುವುದಿಲ್ಲ. ನಿಮ್ಮ ಹಾಗೆ ಕಡಿಮೆ ಗ್ರಂಥಿ ತಗುಲಿದವರಲ್ಲಿ ಆ ಸಂಖ್ಯೆ ಇನ್ನೂ ಸ್ವಲ್ಪ ಹೆಚ್ಚು. 5-ಎಫ್‌ಯು ಗುಂಪಿನ ಔಷಧ ಕೊಟ್ಟರೆ ಇನ್ನು ಹತ್ತು ಹದಿನೈದು ಜನ ಆ ಸಾಲಿಗೆ ಸೇರುತ್ತಾರೆ. ಅದರ ಜೊತೆಗೆ ಆಕ್ಸಾಲಿಪ್ಲಾಟಿನ್ ಕೊಟ್ಟರೆ ಮತ್ತೆ ನಾಲ್ಕೈದು ಜನ. ಉಳಿದವರಿಗೆ ಏನು ಕೊಟ್ಟರೂ ಮರಳುತ್ತದೆ."

ಹಾಳೆಯನ್ನು ನನ್ನ ಕಡೆಗೆ ತಿರುಗಿಸಿದರು. ಲೆಕ್ಕ ನನಗೆ ಬರುತ್ತದೆ. ನೂರು ಜನ ಕೀಮೋ ತೆಗೆದುಕೊಂಡರೆ ಅದರಿಂದ ನಿಜವಾಗಿ ಉಪಯೋಗವಾಗುವುದು ಹೆಚ್ಚೆಂದರೆ ಇಪ್ಪತ್ತು ಜನಕ್ಕೆ. ಮಿಕ್ಕ ಎಂಬತ್ತು ಜನರಲ್ಲಿ ಕೆಲವರಿಗೆ ಅದು ಬೇಕೇ ಇರಲಿಲ್ಲ, ಕೆಲವರಿಗೆ ಅದು ಸಾಲಲಿಲ್ಲ. ಸಂಕಟ ಮಾತ್ರ ನೂರಕ್ಕೆ ನೂರೂ ಜನಕ್ಕೆ. "ಇವಳು ಯಾವ ಗುಂಪು ಎಂದು ಹೇಳುವ ಪರೀಕ್ಷೆ ಇಲ್ಲವೇ?" ಎಂದು ಇವರು ಕೇಳಿದರು. ರಕ್ತದಲ್ಲಿ ಗಡ್ಡೆಯ ಡಿಎನ್‌ಎ ಚೂರುಗಳನ್ನು ಹುಡುಕುವ ಪರೀಕ್ಷೆಗಳು ಬರುತ್ತಿವೆಯಂತೆ. ಆದರೆ ಮೂರನೆಯ ಹಂತದವರಿಗೆ ಅದರ ಮೇಲೆ ಭಾರ ಹಾಕಿ ಕೀಮೋ ಬಿಡಿ ಎನ್ನಲು ತಾವು ಸಿದ್ಧರಿಲ್ಲ ಎಂದರು.

ಇನ್ನೊಂದು ಬದಿಯನ್ನೂ ನಾನೇ ಕೇಳಿದೆ. ಕೀಮೋದಿಂದಲೇ ಸಾಯುವವರು ಇದ್ದಾರೆಯೇ? ಇದ್ದಾರೆ, ಸಾವಿರಕ್ಕೆ ಐದರ ಆಸುಪಾಸು, ಹೆಚ್ಚಾಗಿ ಸೋಂಕು ಮತ್ತು ಭೇದಿಯಿಂದ. ಕೆಲವರ ದೇಹದಲ್ಲಿ 5-ಎಫ್‌ಯು ಔಷಧವನ್ನು ಒಡೆದು ಹೊರಹಾಕುವ ಡಿಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುತ್ತದೆ, ಅಂಥವರಿಗೆ ಮಾಮೂಲಿ ಪ್ರಮಾಣವೇ ವಿಪರೀತವಾಗುತ್ತದೆ. ಇದನ್ನು ತಿಳಿಯುವ ರಕ್ತಪರೀಕ್ಷೆಯನ್ನು ಬರೆದುಕೊಟ್ಟರು. ನನ್ನದು ಸರಿಯಾಗಿಯೇ ಬಂತು.

ಆಮೇಲೆ, "ನೀವು ಏನು ಕೆಲಸ ಮಾಡುತ್ತೀರಿ?" ಎಂದು ಕೇಳಿದರು. ಕುಚ್ಚು ಕಟ್ಟುತ್ತೇನೆ ಎಂದೆ. ಅವರ ಪೆನ್ನು ನಿಂತಿತು.

ಆಕ್ಸಾಲಿಪ್ಲಾಟಿನ್ ಪ್ಲಾಟಿನಂ ಲೋಹದಿಂದ ಮಾಡಿದ ಔಷಧ. ಅದು ಜೀವಕೋಶದ ಡಿಎನ್‌ಎ ಎಳೆಗಳನ್ನು ಒಂದಕ್ಕೊಂದು ಗಂಟುಹಾಕುತ್ತದೆ. ಗಂಟುಬಿದ್ದ ಎಳೆಯಿಂದ ಕೋಶ ಇಬ್ಭಾಗವಾಗಲಾರದೆ ಸಾಯುತ್ತದೆ. ಬೇಗ ಬೇಗ ಒಡೆಯುವ ಒಳ್ಳೆಯ ಕೋಶಗಳೂ, ಎಂದರೆ ಮೂಳೆಮಜ್ಜೆ, ಬಾಯಿ ಮತ್ತು ಕರುಳಿನ ಒಳಪದರ, ಹೀಗೆಯೇ ಏಟು ತಿಂದರೂ ಅವು ಮತ್ತೆ ಬೆಳೆದುಕೊಳ್ಳುತ್ತವೆ. ನರಗಳ ಸಂಗತಿ ಬೇರೆ. ಬೆನ್ನುಹುರಿಯ ಪಕ್ಕದಲ್ಲಿರುವ ಸ್ಪರ್ಶದ ನರಕೋಶಗಳಲ್ಲಿ ಪ್ಲಾಟಿನಂ ಸೇರಿಕೊಳ್ಳುತ್ತ ಹೋಗುತ್ತದೆ, ಪ್ರತಿ ಸುತ್ತಿಗೂ ಹೆಚ್ಚುತ್ತದೆ. ಬೆರಳ ತುದಿ, ಅಂಗಾಲು ಮರಗಟ್ಟುತ್ತವೆ. ಬಹಳ ಜನಕ್ಕೆ ವರ್ಷದೊಳಗೆ ಕಡಿಮೆಯಾಗುತ್ತದೆ, ಕೆಲವರಿಗೆ ಉಳಿದೇಬಿಡುತ್ತದೆ.

ಬೇಬಿ ಕುಚ್ಚು ಕಟ್ಟುವವರಿಗೆ ಇದು ಏನೆಂದು ಬಿಡಿಸಿ ಹೇಳಬೇಕಿಲ್ಲ. ರೇಷ್ಮೆ ದಾರದ ಎಳೆಗಳನ್ನು ಕಣ್ಣಿನಿಂದ ಎಣಿಸುವುದಿಲ್ಲ, ಹೆಬ್ಬೆರಳು ತೋರುಬೆರಳುಗಳ ನಡುವೆ ಹೊಸೆದು ನೋಡಿಯೇ ಸರಿಯಾಗಿದೆಯೋ ಇಲ್ಲವೋ ತಿಳಿಯುವುದು.

ಆಗ ವೈದ್ಯೆ ಹೇಳಿದ ಸಂಗತಿ ಇಡೀ ಲೆಕ್ಕವನ್ನೇ ಬದಲಿಸಿತು. ಈ ಚಿಕಿತ್ಸೆಯನ್ನು ಮೊದಲೆಲ್ಲ ಎಲ್ಲರಿಗೂ ಆರು ತಿಂಗಳು ಕೊಡುತ್ತಿದ್ದರು. ಅಷ್ಟು ಬೇಕೇ ಎಂದು ನೋಡಲು ಹಲವು ದೇಶಗಳ ಆರು ಅಧ್ಯಯನಗಳನ್ನು ಒಟ್ಟುಗೂಡಿಸಿ, 12,800ಕ್ಕೂ ಹೆಚ್ಚು ರೋಗಿಗಳ ಮಾಹಿತಿಯನ್ನು 2018ರಲ್ಲಿ ಪ್ರಕಟಿಸಿದರು. ಅದಕ್ಕೆ ಐಡಿಯಾ ಎಂದು ಹೆಸರು. ಒಂದರಿಂದ ಮೂರು ಗ್ರಂಥಿ ಮಾತ್ರ ತಗುಲಿದ, ಗಡ್ಡೆ ಕರುಳಿನ ಹೊರಪದರ ದಾಟದ, ಎಂದರೆ ನನ್ನಂಥವರಲ್ಲಿ, ಮೂರು ವರ್ಷದ ನಂತರ ಕಾಯಿಲೆ ಮರಳದೆ ಇದ್ದವರು: ಮೂರು ತಿಂಗಳು ತೆಗೆದುಕೊಂಡವರಲ್ಲಿ ಶೇ 83.1, ಆರು ತಿಂಗಳು ತೆಗೆದುಕೊಂಡವರಲ್ಲಿ ಶೇ 83.3. ಕೈಕಾಲಿನ ನರ ಕೆಟ್ಟು ಚೆನ್ನಾಗಿಯೇ ಕಾಡಿಸಿಕೊಂಡವರು ಮೂರು ತಿಂಗಳ ಗುಂಪಿನಲ್ಲಿ ನೂರಕ್ಕೆ ಹದಿನೈದರ ಹತ್ತಿರ, ಆರು ತಿಂಗಳ ಗುಂಪಿನಲ್ಲಿ ನಲವತ್ತೈದರ ಹತ್ತಿರ.

ನಮ್ಮಲ್ಲಿ ಕೀಮೋ ಬಗ್ಗೆ ನಡೆಯುವ ಜಗಳವೆಲ್ಲ ಬೇಕೋ ಬೇಡವೋ ಎಂಬುದರ ಸುತ್ತಲೇ ತಿರುಗುತ್ತದೆ. ಎಷ್ಟು ಸಾಕು ಎಂದು ಕೇಳುವವರೇ ಇಲ್ಲ. ಕೇಳಿದರೆ ಹಿಂದೇಟು ಹಾಕಿದಂತೆ ಎಂದು ಮನೆಯವರು ಹೆದರುತ್ತಾರೆ. ಆರು ತಿಂಗಳಿನ ಎರಡನೆಯ ಅರ್ಧದಿಂದ ನನ್ನಂಥವರಿಗೆ ಸಿಗುವುದು ಹೆಚ್ಚೂಕಡಿಮೆ ಏನೂ ಇಲ್ಲ, ಕಳೆದುಕೊಳ್ಳುವುದು ಮಾತ್ರ ಬಹಳ ಎಂದು ಆ ಹಾಳೆ ಹೇಳುತ್ತಿತ್ತು. ಆಕ್ಸಾಲಿಪ್ಲಾಟಿನ್ ಬಿಟ್ಟೇಬಿಟ್ಟು 5-ಎಫ್‌ಯು ಗುಂಪಿನ ಮಾತ್ರೆಯನ್ನಷ್ಟೇ ಆರು ತಿಂಗಳು ನುಂಗುವ ದಾರಿಯೂ ಇತ್ತು. ಬೆರಳು ಉಳಿಯುತ್ತಿತ್ತು, ಆ ನಾಲ್ಕೈದು ಜನರ ಲಾಭ ಹೋಗುತ್ತಿತ್ತು. ಎರಡು ರಾತ್ರಿ ಅದನ್ನೇ ಯೋಚಿಸಿದೆ. ಬೆರಳು ಮಂಕಾದರೆ ಮಿಷನ್ ಹೊಲಿಗೆಯಾದರೂ ಉಳಿಯುತ್ತದೆ, ಅದೂ ಹೋದರೆ ಮಗಳು ಇದ್ದಾಳೆ. ಕಾಯಿಲೆ ಮರಳಿದರೆ ಇಂಥ ಆಯ್ಕೆಗಳನ್ನು ಮುಂದಿಟ್ಟುಕೊಂಡು ಕೂರುವ ಭಾಗ್ಯ ಇರುವುದಿಲ್ಲ. ವರದಿಗಳನ್ನು ಬೆಂಗಳೂರಿನ ಕಿದ್ವಾಯಿಯಲ್ಲಿಯೂ ತೋರಿಸಿಕೊಂಡು ಬಂದೆವು. ಅಲ್ಲಿಯೂ ಇದೇ ಮಾತು. ಆಕ್ಸಾಲಿಪ್ಲಾಟಿನ್ ಜೊತೆಗೆ ಆ ಮಾತ್ರೆಯನ್ನೂ ಕೊಡುವ ಕೇಪಾಕ್ಸ್ ಎಂಬ ಕ್ರಮ, ಮೂರು ವಾರಕ್ಕೊಂದು ಸುತ್ತಿನಂತೆ ನಾಲ್ಕು ಸುತ್ತು ಎಂದು ನಿರ್ಧಾರವಾಯಿತು. ನಮ್ಮದು ಬಿಪಿಎಲ್ ಕಾರ್ಡು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುವುದರಿಂದ ಹಣದ ಚಿಂತೆ ಈ ಲೆಕ್ಕದೊಳಗೆ ಬರಲಿಲ್ಲ. ಎಲ್ಲರಿಗೂ ಹಾಗಿರುವುದಿಲ್ಲ ಎಂಬುದು ವಾರ್ಡಿನಲ್ಲಿ ಅಕ್ಕಪಕ್ಕದವರ ಮಾತಿನಿಂದ ತಿಳಿಯಿತು.

ಮೊದಲ ದಿನ ನನ್ನ ಎತ್ತರ, ತೂಕ ನೋಡಿ ಮೈಯ ಹೊರಮೈ ಎಷ್ಟು ಚದರ ಮೀಟರ್ ಎಂದು ಲೆಕ್ಕ ಹಾಕಿದರು. ಔಷಧದ ಪ್ರಮಾಣ ನಿಗದಿಯಾಗುವುದು ಅದರ ಮೇಲೆ. ಇಷ್ಟು ವರ್ಷ ಊರ ಹೆಂಗಸರ ಅಳತೆ ತೆಗೆದವಳಿಗೆ ಅಂದು ಯಾರೋ ಬಟ್ಟೆಗೆ ಅಳತೆ ತೆಗೆದಂತೆ ಅನಿಸಿ ನಗು ಬಂತು. ವಾಂತಿಯಾಗದಂತೆ ಮೊದಲೇ ಚುಚ್ಚುಮದ್ದು ಕೊಟ್ಟು, ಆಮೇಲೆ ಗ್ಲೂಕೋಸ್ ನೀರಿನಲ್ಲಿ ಬೆರೆಸಿದ ಆಕ್ಸಾಲಿಪ್ಲಾಟಿನ್ನನ್ನು ಎರಡು ತಾಸು ಹರಿಸಿದರು. ಕೈಯ ರಕ್ತನಾಳದಲ್ಲಿಯೇ ಹಾಕಿದ್ದರಿಂದ ಮೊಣಕೈವರೆಗೆ ಸೆಳೆತ. ನರ್ಸಮ್ಮ ಬಿಸಿನೀರಿನ ಚೀಲ ಕಟ್ಟಿ ಔಷಧದ ವೇಗ ಇಳಿಸಿದ ಮೇಲೆ ತಡೆಯುವಂತಾಯಿತು.

ತಣ್ಣಗಿನದು ಮುಟ್ಟಬೇಡಿ, ಕುಡಿಯಬೇಡಿ ಎಂದು ಹೇಳಿ ಕಳುಹಿಸಿದ್ದರು. ನಮ್ಮದು ಮಲೆನಾಡು, ಮೇಲಾಗಿ ಮಳೆಗಾಲ. ಮರುದಿನ ಬೆಳಿಗ್ಗೆ ಸ್ಟೀಲ್ ತಂಬಿಗೆಗೆ ಕೈ ಹಾಕಿದರೆ ಕರೆಂಟು ಹೊಡೆದಂತಾಯಿತು. ಕತ್ತರಿಯ ಹಿಡಿ, ಬಾಗಿಲ ಚಿಲಕ, ನೆಲದ ಕಾವಿ ಎಲ್ಲವೂ ಹಾಗೆಯೇ. ಊಟಕ್ಕೆ ಕುಳಿತರೆ ಮೊದಲ ತುತ್ತಿಗೆ ದವಡೆ ಹಿಡಿದುಕೊಳ್ಳುತ್ತಿತ್ತು, ಎರಡನೆಯ ತುತ್ತಿಗೆ ಬಿಡುತ್ತಿತ್ತು. ಗಂಟಲು ಕಟ್ಟಿ ಉಸಿರೇ ನಿಂತಂತೆ ಅನಿಸಿದರೆ ಹೆದರಬೇಡಿ, ಬೆಚ್ಚಗಿನ ನೀರು ಗುಟುಕರಿಸಿ ಎಂದು ಮುಂಚೆಯೇ ಹೇಳಿದ್ದರಿಂದ ಧೈರ್ಯವಿತ್ತು. ಇದು ಐದಾರು ದಿನಕ್ಕೆ ಇಳಿಯುತ್ತದೆ. ಊರಿನವರು ಪ್ರೀತಿಯಿಂದ ತರುತ್ತಿದ್ದ ಒಂದೆಲಗದ ತಂಬುಳಿಯನ್ನು ಮಾತ್ರ ಆಸೆಯಿಂದ ನೋಡಿ ಇವರ ಕಡೆಗೆ ಸರಿಸಬೇಕಾಗುತ್ತಿತ್ತು.

ಕೇಪಿಸಿಟಬಿನ್ ಮಾತ್ರೆಯನ್ನು ಬೆಳಿಗ್ಗೆ ಮೂರು, ರಾತ್ರಿ ಮೂರು, ಊಟವಾದ ಅರ್ಧ ತಾಸಿನೊಳಗೆ ನುಂಗಬೇಕು. ಹದಿನಾಲ್ಕು ದಿನ ನುಂಗಿ ಒಂದು ವಾರ ಬಿಡುವು. ಅದು ದೇಹದೊಳಗೆ ಹೋಗಿ 5-ಎಫ್‌ಯು ಆಗುತ್ತದೆ. 1957ರಲ್ಲಿ ಚಾರ್ಲ್ಸ್ ಹೈಡಲ್‌ಬರ್ಗರ್ ಮತ್ತು ಸಂಗಡಿಗರು ಮಾಡಿದ ಈ ಔಷಧ ಒಂದು ಜಾಣ ಮೋಸ. ಕೋಶಗಳಿಗೆ ಬೇಕಾದ ಯುರಾಸಿಲ್ ಎಂಬ ಕಚ್ಚಾವಸ್ತುವಿನಂತೆಯೇ ತೋರುವ, ಒಂದು ಫ್ಲೋರಿನ್ ಸಿಕ್ಕಿಸಿದ ನಕಲಿ. ಕ್ಯಾನ್ಸರ್ ಕೋಶ ಹಸಿದು ಅದನ್ನು ಎಳೆದುಕೊಳ್ಳುತ್ತದೆ, ಆಮೇಲೆ ಡಿಎನ್‌ಎ ಕಟ್ಟಲು ಬೇಕಾದ ಥೈಮಿನ್ ತಯಾರಾಗದೆ ಕಂಗೆಡುತ್ತದೆ.

ಈ ಮಾತ್ರೆಗೆ ಅಂಗೈ ಅಂಗಾಲಿನ ಮೇಲೆ ವಿಶೇಷ ಸಿಟ್ಟು. ಎರಡನೆಯ ಸುತ್ತಿನಲ್ಲಿ ಅಂಗೈ ಕೆಂಪಾಗಿ ಉರಿದು, ಮೂರನೆಯದರಲ್ಲಿ ಸಿಪ್ಪೆ ಸುಲಿಯಿತು. ಯೂರಿಯಾ ಮುಲಾಮು, ಹತ್ತಿಯ ಕಾಲುಚೀಲ. ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿಗೆ ಹೋದಾಗ ಹೆಬ್ಬೆಟ್ಟು ಒತ್ತಿದರೆ ಯಂತ್ರ ಒಪ್ಪಲಿಲ್ಲ. ಬೇರೆ ಬೆರಳು ಇಟ್ಟೆ, ಅದೂ ಇಲ್ಲ. ಅಂಗಡಿಯವರು ನನ್ನ ಬೆರಳನ್ನು ಬೆಳಕಿಗೆ ಹಿಡಿದು ನೋಡಿ, "ಅಕ್ಕ, ಗೆರೆಗಳೇ ಇಲ್ಲವಲ್ಲ" ಎಂದರು. ಬೆರಳಚ್ಚು ಸವೆದುಹೋಗಿತ್ತು. ಇದು ಈ ಔಷಧದ ಗೊತ್ತಿರುವ ಅಡ್ಡಪರಿಣಾಮವೇ, ಚಿಕಿತ್ಸೆ ನಿಂತ ಮೇಲೆ ಮರಳುತ್ತದೆ. ಅಲ್ಲಿಯವರೆಗೆ ಸರ್ಕಾರದ ಲೆಕ್ಕದಲ್ಲಿ ನಾನು ನಾನಲ್ಲ. ಕಾರ್ಡಿನಲ್ಲಿ ಮಗಳ ಹೆಸರು ಇದ್ದುದರಿಂದ ಅವಳ ಹೆಬ್ಬೆಟ್ಟಿಗೆ ಅಕ್ಕಿ ಬಂತು.

ಕೂದಲಿನ ಮಾತು. ಈ ಎರಡು ಔಷಧಗಳಿಂದ ಸಾಮಾನ್ಯವಾಗಿ ತಲೆ ಬೋಳಾಗುವುದಿಲ್ಲ, ತೆಳುವಾಗುತ್ತದೆ ಅಷ್ಟೇ. ನೋಡಲು ಬಂದವರಿಗೆ ಇದರಿಂದ ನಿರಾಸೆಯಾಗುತ್ತಿತ್ತೋ ಏನೋ. ಒಬ್ಬರಂತೂ, "ಕೂದಲು ಹೋಗಲಿಲ್ಲ ಎಂದರೆ ಔಷಧ ಹಿಡಿದಿಲ್ಲವೇನೋ, ಡಾಕ್ಟರನ್ನು ಕೇಳು" ಎಂದು ಕಾಳಜಿಯಿಂದಲೇ ಹೇಳಿ ಹೋದರು.

ಮೂರನೆಯ ಸುತ್ತಿಗೆ ಹೋದಾಗ ರಕ್ತದಲ್ಲಿ ಬಿಳಿಕಣ ಕಡಿಮೆಯಿದೆ ಎಂದು ಒಂದು ವಾರ ಮುಂದಕ್ಕೆ ಹಾಕಿದರು. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಪ್ಯಾರಾಸಿಟಮಾಲ್ ನುಂಗಿ ಮಲಗಬೇಡಿ, ರಾತ್ರಿಯಾದರೂ ಹೊರಟು ಬನ್ನಿ ಎಂದು ಬರೆದ ಚೀಟಿಯನ್ನು ಮಗಳು ಗೋಡೆಗೆ ಅಂಟಿಸಿದ್ದಳು. ನನಗೆ ಹಾಗಾಗಲಿಲ್ಲ. ಪಕ್ಕದ ಹಾಸಿಗೆಯಲ್ಲಿ ಕೀಮೋ ಪಡೆಯುತ್ತಿದ್ದ ಶಿಕಾರಿಪುರದ ಕಡೆಯ ಹುಡುಗನೊಬ್ಬನಿಗೆ ಆಯಿತು. ಸಾಗರದಿಂದ ಶಿವಮೊಗ್ಗಕ್ಕೆ ಶಕ್ತಿ ಯೋಜನೆಯಿಂದಾಗಿ ಬಸ್ ಪುಕ್ಕಟೆ. ಆದರೆ ಬಿಳಿಕಣ ಕುಸಿದ ದಿನಗಳಲ್ಲಿ ತುಂಬಿದ ಬಸ್ಸಿನಲ್ಲಿ ಹೋಗಬಾರದು. ಹಾಗಾಗಿ ಖರ್ಚಾದ ಹಣದಲ್ಲಿ ದೊಡ್ಡ ಪಾಲು ಬಾಡಿಗೆ ಕಾರಿನದೇ.

ನಾಲ್ಕನೆಯ ಸುತ್ತು ಮುಗಿದಾಗ ಬಾವನವರು ಮತ್ತೆ ಬಂದರು. "ಹೇಗೂ ತಡೆದುಕೊಂಡಿದ್ದೀಯ, ಇನ್ನು ನಾಲ್ಕು ಮಾಡಿಸಿಬಿಡು. ನಾಳೆ ಏನಾದರೂ ಆದರೆ ಅಂದು ಮಾಡಿಸಬೇಕಿತ್ತು ಎನ್ನುವಂತಾಗಬಾರದು." ಇದು ಅಲ್ಲಗಳೆಯಲು ಕಷ್ಟವಾದ ಮಾತು. ಅದರಲ್ಲಿ ಅಂಕಿ ಇಲ್ಲ, ಪ್ರೀತಿ ಇದೆ. ನಾನು ಆ ಹಾಳೆಯನ್ನು ತಂದು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿ, "83.3 ಅಲ್ಲವೇ ಹೆಚ್ಚು?" ಎಂದರು. ಹೌದು, ಹೆಚ್ಚು. ಸಾವಿರಕ್ಕೆ ಎರಡು. ಆ ಎರಡರಷ್ಟು ವ್ಯತ್ಯಾಸ ಕಾಕತಾಳೀಯವೂ ಇರಬಹುದು ಎಂದು ವೈದ್ಯೆ ಹೇಳಿದ್ದನ್ನು ಹೇಳಿದೆ. ಅವರಿಗೆ ಒಪ್ಪಿಗೆಯಾಗಲಿಲ್ಲ. ಇಂದಿಗೂ ಆಗಿಲ್ಲ. ನಾನು ನಿಲ್ಲಿಸಿದೆ.

ನಿಲ್ಲಿಸಿದ ಮೇಲೆ ಜೋಮು ಇಳಿಯುತ್ತದೆ ಎಂದುಕೊಂಡವರಿಗೆ ಒಂದು ಎಚ್ಚರಿಕೆ: ಆಕ್ಸಾಲಿಪ್ಲಾಟಿನ್ ನಿಂತ ನಂತರವೂ ಎರಡು ಮೂರು ತಿಂಗಳು ಅದು ಏರಬಹುದು. ನನಗೆ ಏರಿತು. ಕೀಮೋ ನಡೆಯುತ್ತಿದ್ದಾಗ ಸೂಜಿಗೆ ದಾರ ಪೋಣಿಸುತ್ತಿದ್ದವಳಿಗೆ ಮುಗಿದ ಮೇಲೆ ಸೂಜಿಯೇ ಜಾರತೊಡಗಿತು. ಚಪ್ಪಲಿ ಕಾಲಿನಿಂದ ಕಳಚಿದ್ದು ನಾಲ್ಕು ಹೆಜ್ಜೆ ನಡೆದ ಮೇಲೆ ಗೊತ್ತಾಗುತ್ತಿತ್ತು. ವೈದ್ಯೆ ಡುಲಾಕ್ಸಿಟಿನ್ ಮಾತ್ರೆ ಕೊಟ್ಟರು. ಅದು ಉರಿ ನೋವಿಗೆ ಸ್ವಲ್ಪ ಆಗುತ್ತದೆ, ಮರಗಟ್ಟಿದ್ದಕ್ಕೆ ಅಷ್ಟಾಗಿ ಆಗುವುದಿಲ್ಲ. ನಾಲ್ಕು ಸುತ್ತಿಗೇ ಹೀಗಾದರೆ ಎಂಟು ಸುತ್ತು ಆಗಿದ್ದಿದ್ದರೆ ಎಂದು ಲೆಕ್ಕ ಹಾಕುವುದನ್ನು ಬೇಕೆಂದೇ ಬಿಟ್ಟೆ.

ವರ್ಷ ದಾಟಿದೆ. ಅಂಗಾಲು ಬಹುಪಾಲು ಸರಿಯಾಗಿದೆ. ಬಲಗೈಯ ಎರಡು ಬೆರಳ ತುದಿ ಇನ್ನೂ ಮಂದ. ಮಿಷನ್ನಿನಲ್ಲಿ ಬ್ಲೌಸ್ ಹೊಲಿಯುತ್ತೇನೆ, ಹುಕ್ಕು ಕಾಜ ಮಗಳದು. ಕ್ರೋಶಾ ಕಡ್ಡಿ ದಪ್ಪವಿರುವುದರಿಂದ ಆ ಕುಚ್ಚು ಕೈಗೆ ಸಿಗುತ್ತದೆ, ಬೇಬಿ ಕುಚ್ಚಿನ ಸೀರೆಗಳನ್ನು ಒಪ್ಪಿಕೊಳ್ಳುವುದಿಲ್ಲ. ಮೂರು ತಿಂಗಳಿಗೊಮ್ಮೆ ಕಾಯಿಲೆ ಮರಳುವ ಸುಳಿವು ಹುಡುಕುವ ಸಿಇಎ ಎಂಬ ರಕ್ತಪರೀಕ್ಷೆ, ವರ್ಷಕ್ಕೊಮ್ಮೆ ಸ್ಕ್ಯಾನ್. ಮೊದಲ ವರ್ಷದ ಕೊಲೊನೋಸ್ಕೊಪಿಯಲ್ಲಿ ಏನೂ ಕಾಣಲಿಲ್ಲ. ಇದು ಕೀಮೋದ ಫಲವೋ, ಕೀಮೋ ಇಲ್ಲದಿದ್ದರೂ ಹೀಗೆಯೇ ಇರುತ್ತಿತ್ತೋ, ಯಾರೂ ಹೇಳಲಾರರು.

ಹೋದ ತಿಂಗಳು ಹೊಸನಗರದಿಂದ ಒಬ್ಬರು ಯಾರದೋ ಮೂಲಕ ನನ್ನ ನಂಬರು ಪಡೆದು ಫೋನ್ ಮಾಡಿದ್ದರು. ಅವರ ಅತ್ತೆಯವರಿಗೂ ದೊಡ್ಡ ಕರುಳಿನದೇ, ವಯಸ್ಸು ಎಪ್ಪತ್ತನಾಲ್ಕು. "ನೀವು ಮಾಡಿಸಿಕೊಂಡಿರಂತೆ, ನಮ್ಮ ಅತ್ತೆಗೂ ಮಾಡಿಸೋಣವೇ?" ಎಂದರು. ಗ್ರಂಥಿಗಳು ಎಷ್ಟು ಎಂದು ಕೇಳಿದೆ. ವರದಿ ಓದಿಸಿದೆ. ಒಂದಕ್ಕೂ ತಗುಲಿರಲಿಲ್ಲ, ಹನ್ನೆರಡಕ್ಕಿಂತ ಹೆಚ್ಚು ಗ್ರಂಥಿ ಪರೀಕ್ಷಿಸಿದ್ದರು, ಕರುಳು ತೂತಾಗಿರಲಿಲ್ಲ, ಕಟ್ಟಿಕೊಂಡಿರಲಿಲ್ಲ. ಎರಡನೆಯ ಹಂತ. ನನ್ನ ಹಾಳೆಯ ಅಂಕಿಗಳು ಅವರಿಗೆ ಹೊಂದುವುದಿಲ್ಲ, ಅವರ ಹಂತದಲ್ಲಿ ಕೀಮೋ ತರುವ ಹೆಚ್ಚುವರಿ ಲಾಭ ನೂರಕ್ಕೆ ಕೆಲವೇ ಜನಕ್ಕೆ, ಎಪ್ಪತ್ತು ದಾಟಿದವರಿಗೆ ಆಕ್ಸಾಲಿಪ್ಲಾಟಿನ್ನಿನಿಂದ ಲಾಭ ಕಾಣಿಸಿಲ್ಲ ಎಂದು ನನ್ನ ವೈದ್ಯೆ ಹೇಳಿದ್ದು ನೆನಪಿತ್ತು. ಅಷ್ಟನ್ನು ಹೇಳಿ, ನಿಮ್ಮ ವೈದ್ಯರ ಬಳಿ ಒಂದು ಹಾಳೆ ಇಟ್ಟು ನೂರರಲ್ಲಿ ಎಷ್ಟು ಜನ ಎಂದು ಬರೆಸಿಕೊಳ್ಳಿ, ಅತ್ತೆಯವರನ್ನೂ ಕೂರಿಸಿಕೊಂಡೇ ಬರೆಸಿಕೊಳ್ಳಿ ಎಂದೆ. ವಾರದ ನಂತರ ಮತ್ತೆ ಕರೆ ಬಂತು. ಕೀಮೋ ಬೇಡ, ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಬರಲಿ ಎಂದು ಅಲ್ಲಿನ ವೈದ್ಯರೂ ಅತ್ತೆಯವರೂ ಸೇರಿ ತೀರ್ಮಾನಿಸಿದ್ದರು. ಬಾವನವರಿಗೆ ಈ ಸುದ್ದಿ ಹೇಗೋ ತಲುಪಿ, "ನೀನು ಮಾಡಿಸಿಕೊಂಡು ಅವರಿಗೆ ಬೇಡ ಎಂದೆಯಂತೆ" ಎಂದು ಕೇಳಿದರು. ನಾನು ಬೇಡ ಎನ್ನಲಿಲ್ಲ, ಅವರ ಹಾಳೆ ಬೇರೆ ಇತ್ತು ಎಂದೆ.